ಎತ್ತರವೊಂದೇ ಸಾಲದು

ಹುಣಸೂರಿನ ಗಾಡಿಗೆ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು. ಅಮೃತಮಹಲ್ ದನಗಳ ಮುಖ್ಯಠಾಣೆಯಾಗಿದ್ದ ಈ ಊರಿನಲ್ಲಿ 1864ರವರೆಗೆ ಸರ್ಕಾರದ ಚರ್ಮದ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಅಂಗಳಗಳು ನಡೆಯುತ್ತಿದ್ದುವು. ಅವು ಮುಚ್ಚಿದ ಮೇಲೂ ಪಳಗಿದ ಕೈಗಳು ಒಳ್ಳೆಯ ಗಾಡಿಗಳನ್ನು ಮಾಡುತ್ತಲೇ ಬಂದುವು. ಇಂದು ಎತ್ತಿನ ಗಾಡಿಯ ಪಟ್ಟಕ್ಕೆ ಪಿಕಪ್ ಎಂಬ ಚಿಕ್ಕ ಲಾರಿ ಬಂದಿದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೇಲುಗಳು ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜುಕಟ್ಟೆ ಸೇರುವುದೂ, ಕೃಷ್ಣರಾಜನಗರದ ಭತ್ತ ಗಿರಣಿಗೆ ಹೋಗುವುದೂ, ಹೆಗ್ಗಡದೇವನಕೋಟೆಯ ಶುಂಠಿ ಪೇಟೆಗೆ ಬರುವುದೂ ಇದರಲ್ಲಿಯೇ.

ಈಚೆಗೆ ನಮ್ಮ ತರುಣರಿಗೆ ಈ ಪಿಕಪ್ಪನ್ನು ಎತ್ತರಿಸುವ ಹುಚ್ಚು ಹಿಡಿದಿದೆ. ಕಮಾನುಪಟ್ಟಿಗಳ ಕೆಳಗೆ ಕಬ್ಬಿಣದ ದಿಮ್ಮಿ ಕೊಡುವುದು, ಒಂದೆರಡು ಪಟ್ಟಿ ಹೆಚ್ಚಿಗೆ ಸೇರಿಸುವುದು, ಗಾಡಿ ಎದೆಯುಬ್ಬಿಸಿ ನಿಂತಾಗ ಮೀಸೆ ತಿರುವುವುದು! ಶಾಕ್ ಅಬ್ಸಾರ್ಬರಿನ ಗೊಡವೆ ಯಾರಿಗೂ ಇಲ್ಲ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಚಿಕ್ಕಪ್ಪನ ಪಿಕಪ್ಪನ್ನು ಮೂರಂಗುಲ ಎತ್ತರಿಸಿದ ಕೆಲಸಗಾರನು ಹಳೆಯ ಶಾಕುಗಳನ್ನೇ ಎಳೆದು ಬಿಗಿದು ಕಳುಹಿಸಿದನು. ತಿಂಗಳು ತುಂಬುವ ಮೊದಲೇ, ಶುಂಠಿ ತುಂಬಿದ ಗಾಡಿ ಒಂದು ಗುಣಿಗಿಳಿದೆದ್ದಾಗ, ಶಾಕಿನ ಕೆಳಗಣ ಕಣ್ಣು ಕಿತ್ತುಬಂತು. ಮುಂದಿನ ತಿರುವಿನಲ್ಲಿ ಗಾಡಿ ತೂಗಾಡಿ ನಾಲೆಯ ಏರಿಗೆ ಒರಗಿ ನಿಂತಿತು. ಹಿಂದೆ ಮೂಟೆಗಳ ಮೇಲೆ ಇಬ್ಬರು ಆಳುಗಳು ಕುಳಿತಿದ್ದರು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದಲೇ ನಾನು ಈ ವಿಷಯವನ್ನು ವಿಚಾರಿಸತೊಡಗಿದ್ದು.

ಮೊದಲು ಒಂದು ತಪ್ಪು ತಿಳುವಳಿಕೆ ಹೋಗಬೇಕು. ಭಾರ ಹೊರುವುದು ಕಮಾನುಪಟ್ಟಿ, ಶಾಕ್ ಅಲ್ಲ. ಅದುಮಿದ ಪಟ್ಟಿ ತಾನಾಗಿ ನಿಲ್ಲುವುದಿಲ್ಲ, ಉಯ್ಯಾಲೆಯಂತೆ ಕುಣಿಯುತ್ತಲೇ ಇರುತ್ತದೆ. ಶಾಕಿನೊಳಗಣ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಆ ಕುಣಿತದ ಶಕ್ತಿ ಬಿಸಿಯಾಗಿ ಮಾರ್ಪಟ್ಟು ಗಾಡಿ ಶಾಂತವಾಗುತ್ತದೆ. ಚಕ್ರವನ್ನು ನೆಲ ಬಿಡದಂತೆ ಹಿಡಿದಿಡುವುದೇ ಅದರ ಧರ್ಮ. ಚಕ್ರ ನೆಲ ಬಿಟ್ಟರೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಶಾಕಿಗೂ ಸಲ್ಲುತ್ತದೆ. ಗಾಡಿ ಎತ್ತರವಾದರೆ ಹಳೆಯ ಶಾಕ್ ಗಿಡ್ಡವಾಗುತ್ತದೆ. ಚಕ್ರ ಗುಣಿಗಿಳಿದಾಗ ಪೂರ್ತಿ ಹಿಗ್ಗಿ, ಹಗ್ಗದಂತೆ ಜಗ್ಗಿ ಕಿತ್ತುಬರುತ್ತದೆ. ಹಾಗೆಂದು ಸಿಕ್ಕಿದ ಉದ್ದನೆಯದನ್ನು ತರುವುದೂ ತಪ್ಪು. ಭಾರಕ್ಕೆ ಪಟ್ಟಿ ಕುಸಿದಾಗ ಅದು ತಳಕ್ಕೆ ಕುಟ್ಟಿ ಒಡೆಯುತ್ತದೆ. ಆದುದರಿಂದ ಚಕ್ರ ಪೂರ್ತಿ ಜೋತುಬಿದ್ದಾಗ ಮೇಲಣ ಮೊಳೆಯಿಂದ ಕೆಳಗಣ ಮೊಳೆಗೆ ಎಷ್ಟು ದೂರ, ಅಚ್ಚು ರಬ್ಬರು ದಿಂಡಿಗೆ ತಾಗಿ ಅದನ್ನು ಅದುಮಿದಾಗ ಎಷ್ಟು ಎಂದು ಎರಡನ್ನೂ ಅಳೆಯಬೇಕು. ಹಿಗ್ಗಿದ ಶಾಕ್ ಮೊದಲನೆಯದಕ್ಕಿಂತ ತುಸು ಉದ್ದವಾಗಿರಬೇಕು, ಕುಗ್ಗಿದ ಶಾಕ್ ಎರಡನೆಯದಕ್ಕಿಂತ ತುಸು ಗಿಡ್ಡವಾಗಿರಬೇಕು. ಗಡುಸಾದುದೇ ಒಳ್ಳೆಯದೆಂಬುದೂ ಭ್ರಮೆ. ಅತಿ ಗಡುಸಾದರೆ ಬರಿದಾದ ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತದೆ. ಕೆಟ್ಟ ದಾರಿಯಲ್ಲಿ ಬಹಳ ಹೊತ್ತು ಓಡುವ ಗಾಡಿಗೆ ಅನಿಲ ತುಂಬಿದ ಶಾಕ್ ಮೇಲು, ಅದರಲ್ಲಿ ಎಣ್ಣೆ ಬೇಗ ನೊರೆಯಾಗುವುದಿಲ್ಲ. ಎಡಬಲದ ಜೋಡಿಯನ್ನು ಒಟ್ಟಿಗೇ ಬದಲಿಸಬೇಕು. ಬ್ರೇಕಿನ ಕೊಳವೆ ಬಿಗಿಯಾಗಿ ಜಗ್ಗಿಲ್ಲವೆಂಬುದನ್ನೂ ನೋಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಎತ್ತರಿಸುವುದೇತಕ್ಕೆ? ದಾರಿಯ ಕಲ್ಲಿಗೆ ತಾಗುವುದು ಸಾಮಾನ್ಯವಾಗಿ ಹಿಂದಿನ ಅಚ್ಚಿನ ನಡುವಣ ಗಡಿಗೆ. ಪಟ್ಟಿಯ ಮೇಲೆ ಗಾಡಿಯ ಮೈ ಎಷ್ಟೇ ಏರಲಿ, ಆ ಗಡಿಗೆ ಇದ್ದಲ್ಲಿಯೇ ಇರುತ್ತದೆ. ಅದನ್ನು ಏರಿಸುವುದು ದೊಡ್ಡ ಟೈರು ಮಾತ್ರ. ಹೊರೆಯಾದರೋ ಮೇಲೇರಿ, ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ಕಾಯಿದೆಯೂ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ನನ್ನ ಮತ ಇಷ್ಟೇ: ಕುಸಿದ ಪಟ್ಟಿಯನ್ನು ಮೊದಲಿನ ಮಟ್ಟಕ್ಕೆ ತಂದು, ಸವೆದ ಶಾಕನ್ನು ಅದೇ ಅಳತೆಯ ಹೊಸದರಿಂದ ಬದಲಿಸಿದರೆ, ಹತ್ತರಲ್ಲಿ ಒಂಬತ್ತು ಮಂದಿಗೆ ಎತ್ತರದ ಆಸೆಯೇ ಹುಟ್ಟದು.

ಕಲಾವಿಭಾಗದ ವಿದ್ಯಾರ್ಥಿಗೆ ಈ ಎಣ್ಣೆಮಸಿಯ ಚಿಂತೆ ಏತಕ್ಕೆಂದು ಗೆಳೆಯರು ನಗಬಹುದು. ನಗಲಿ. ನಮ್ಮಲ್ಲಿ ಎಷ್ಟೋ ಮಂದಿಯ ಕಾಲೇಜಿನ ಶುಲ್ಕ ಬಂದಿರುವುದು ಆ ಪಿಕಪ್ಪಿನ ಹೊರೆಯಿಂದಲೇ. ರಾತ್ರಿ ಬೇಲು ಇಳಿಸಿ ಅಣ್ಣನೋ ಅಪ್ಪನೋ ಮರಳುವವರೆಗೆ ಎಷ್ಟೋ ಮನೆಗಳಲ್ಲಿ ದೀಪ ಆರುವುದಿಲ್ಲ. ಅವರು ಕ್ಷೇಮವಾಗಿ ಮನೆ ಸೇರುವಂತೆ ಒಂದು ಅಳತೆಪಟ್ಟಿ ಹಿಡಿದು ಗಾಡಿಯ ಕೆಳಗೆ ತೂರುವುದು, ನಾವು ಕಲಿತ ವಿದ್ಯೆಗೆ ಕುಂದೇನೂ ಅಲ್ಲ.