ಹಲ್ಲಿನ ಡಾಕ್ಟರ ನೀರು ಎಷ್ಟು ಶುದ್ಧ?

ಹಲ್ಲು ತೋರಿಸಲು ಹೋದಾಗ ನೀವು ಏನನ್ನು ಗಮನಿಸುತ್ತೀರಿ? ಸೂಜಿ ಹೊಸದೇ, ಇಕ್ಕಳ ಸ್ಟೆರಿಲೈಸ್ ಆಗಿದೆಯೇ, ಡಾಕ್ಟರು ಕೈಗವಸು ಬದಲಾಯಿಸಿದರೇ ಎಂದು. ಏಡ್ಸ್ ಮತ್ತು ಕಾಮಾಲೆಯ ಭಯ ನಮಗೆ ಇಷ್ಟನ್ನು ಕಲಿಸಿದೆ, ಒಳ್ಳೆಯದೇ ಆಯಿತು. ಆದರೆ ಹಲ್ಲು ಕೊರೆಯುವಾಗ ಬಾಯಿಗೆ ಚಿಮ್ಮುವ ನೀರು ಎಲ್ಲಿಂದ ಬಂತೆಂದು ಎಂದಾದರೂ ಕೇಳಿದ್ದೀರಾ?

ಕೊರೆಯುವ ಯಂತ್ರ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತದೆ. ಆ ಶಾಖಕ್ಕೆ ಹಲ್ಲಿನ ತಿರುಳು ಸಾಯದಿರಲೆಂದು ಅದರ ತುದಿಯಿಂದಲೇ ನೀರು ಸಿಂಪಡಿಸುವ ಏರ್ಪಾಡಿದೆ. ಈ ನೀರು ಬರುವುದು ಕೆಲವೇ ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಕೊಳವೆಗಳಲ್ಲಿ. ರಾತ್ರಿಯಿಡೀ, ರಜಾದಿನವಿಡೀ ಅದು ಅಲ್ಲೇ ನಿಂತಿರುತ್ತದೆ. ನಾಲ್ಕು ದಿನ ತೊಳೆಯದ ಬಚ್ಚಲ ಬಕೆಟ್ಟಿನ ಒಳಮೈ ಕೈಗೆ ಜಾರುವುದನ್ನು ಗೃಹಿಣಿಯರು ಬಲ್ಲರು. ಕೊಳವೆಯೊಳಗೂ ಅದೇ ಲೋಳೆ. ನೀರಿನೊಡನೆ ಬಂದ ಬ್ಯಾಕ್ಟೀರಿಯಗಳು ಗೋಡೆಗೆ ಅಂಟಿ, ಸುತ್ತಲೂ ಲೋಳೆ ಸ್ರವಿಸಿ, ಅದರ ಮರೆಯಲ್ಲಿ ಸಂಸಾರ ಹೂಡುತ್ತವೆ. ಅಲ್ಲಿಂದ ಕಿತ್ತುಬಂದವು ನೇರ ನಮ್ಮ ಬಾಯಿಗೆ. ಬ್ರಿಟನ್ನಿನ ದಂತವೈದ್ಯಕೀಯ ಪತ್ರಿಕೆಯಲ್ಲಿ ಈ ಸಂಗತಿ ವರದಿಯಾದದ್ದು 1963ರಲ್ಲಿ!

ಗಾಬರಿ ಬೇಡ. ಆರೋಗ್ಯವಂತರಲ್ಲಿ ಬಹುಪಾಲು ಮಂದಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಎಲ್ಲರ ಅದೃಷ್ಟ ಒಂದೇ ಅಲ್ಲ. ಇಟಲಿಯಲ್ಲಿ 2011ರಲ್ಲಿ 82 ವರ್ಷದ ವೃದ್ಧೆಯೊಬ್ಬರು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯದಿಂದ ನ್ಯುಮೋನಿಯಾ ತಗುಲಿ ತೀರಿಕೊಂಡರು. ಆಕೆಯ ಶ್ವಾಸಕೋಶದಲ್ಲಿದ್ದ ರೋಗಾಣುವೇ ಆಕೆ ಹೋಗಿದ್ದ ದಂತವೈದ್ಯರ ಯಂತ್ರದ ನೀರಿನಲ್ಲೂ ಸಿಕ್ಕಿತು.

ಮಕ್ಕಳ ಕಥೆ ಇನ್ನೂ ನೋವಿನದು. ಅಮೆರಿಕದ ಜಾರ್ಜಿಯಾದಲ್ಲಿ 2015ರಲ್ಲಿ 20ಕ್ಕೂ ಹೆಚ್ಚು, ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 2016ರಲ್ಲಿ 71 ಮಕ್ಕಳು ಹುಳುಕು ಹಾಲುಹಲ್ಲಿನ ತಿರುಳಿಗೆ ಚಿಕಿತ್ಸೆ ಪಡೆದ ಮೇಲೆ ಕಾಯಿಲೆ ಬಿದ್ದರು. ಕಾರಣ ಕ್ಷಯದ ರೋಗಾಣುವಿನ ದಾಯಾದಿಯಾದ, ಕ್ಲೋರಿನ್‌ಗೂ ಸುಲಭವಾಗಿ ಬಗ್ಗದ ಒಂದು ಬ್ಯಾಕ್ಟೀರಿಯ. ಕೆಲವರ ದವಡೆಯ ಮೂಳೆಗೇ ಶಸ್ತ್ರಚಿಕಿತ್ಸೆಯಾಯಿತು, ಮುಂದೆ ಬರಬೇಕಿದ್ದ ಶಾಶ್ವತ ಹಲ್ಲುಗಳೂ ಹೋದವು. ಮಾಮೂಲಿ ಚಿಕಿತ್ಸೆಯ ನೀರಿನಲ್ಲಿ ಮಿಲಿಲೀಟರಿಗೆ 500ಕ್ಕಿಂತ ಹೆಚ್ಚು ಬ್ಯಾಕ್ಟೀರಿಯ ಇರಬಾರದೆಂಬುದು ಅಲ್ಲಿನ ಮಿತಿ. ಜಾರ್ಜಿಯಾದ ಆ ಕ್ಲಿನಿಕ್ಕಿನಲ್ಲಿ ಸರಾಸರಿ 91 ಸಾವಿರ ದಾಟಿತ್ತು!

‘ನಾವು ಬಾಟಲಿಯಲ್ಲಿ ಡಿಸ್ಟಿಲ್ಡ್ ನೀರು ಹಾಕುತ್ತೇವೆ’ ಎಂದು ಕೆಲವು ದಂತವೈದ್ಯರು ಹೇಳುವುದುಂಟು. ಮಹಡಿಯ ಟ್ಯಾಂಕಿನ ನೀರನ್ನು ನೇರ ಜೋಡಿಸುವುದಕ್ಕಿಂತ ವಾಸಿ, ಒಪ್ಪೋಣ. ಆದರೆ ಲೋಳೆ ಇರುವುದು ಕೊಳವೆಯಲ್ಲಿ! ಪ್ರತಿ ರೋಗಿಯ ನಂತರ 20ರಿಂದ 30 ಸೆಕೆಂಡು ನೀರು ಹರಿಯಬಿಡುವುದು ಅಗತ್ಯವೇ, ಆದರೆ ಅದರಿಂದಲೂ ಲೋಳೆ ಹೋಗದು. ಯಂತ್ರ ತಯಾರಕರು ಹೇಳಿದ ರಾಸಾಯನಿಕದಿಂದ ಕೊಳವೆಗಳನ್ನು ಕ್ರಮವಾಗಿ ಶುಚಿಗೊಳಿಸಬೇಕು, ನೀರನ್ನು ಆಗಾಗ ಪ್ರಯೋಗಾಲಯಕ್ಕೆ ಕಳಿಸಬೇಕು. ಮೂಳೆ ಕೊರೆಯುವಂಥ ಶಸ್ತ್ರಚಿಕಿತ್ಸೆಗೆ ಈ ಕೊಳವೆಯ ನೀರೇ ಸಲ್ಲದು. ಅದಕ್ಕೆ ಸ್ಟೆರೈಲ್ ಸಲೈನನ್ನು ಬೇರೆಯಾಗಿಯೇ ಹಾಯಿಸಬೇಕು.

ಖರ್ಚು ಹೆಚ್ಚೆಂಬ ಮಾತು ಬರುತ್ತದೆ. ಸ್ವಾಗತ ಕೋಣೆಗೆ ಏಸಿ ಹಾಕಿಸುವವರಿಗೆ ಇದು ಭಾರವಾಗಲಾರದು. ಗೋಡೆಯ ಮೇಲೆ ಪದವಿ ಪ್ರಮಾಣಪತ್ರದ ಪಕ್ಕದಲ್ಲೇ ನೀರಿನ ಪರೀಕ್ಷೆಯ ವರದಿಯನ್ನೂ ತೂಗುಹಾಕಲಿ ಎಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ನೀವೇ ಕೇಳಿ: ‘ಡಾಕ್ಟ್ರೇ, ಈ ಕೊಳವೆಗಳನ್ನು ಹೇಗೆ ಶುಚಿ ಮಾಡುತ್ತೀರಿ? ನೀರು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?’ ಒಳ್ಳೆಯ ವೈದ್ಯರು ಸಿಡುಕುವುದಿಲ್ಲ. ಮನೆಯಲ್ಲಿ ವೃದ್ಧರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಬದಲಾಯಿಸಿಕೊಂಡವರು ಇದ್ದರೆ ಅದನ್ನು ಮೊದಲೇ ತಿಳಿಸಿ. ಹಾಲುಹಲ್ಲಿನ ಚಿಕಿತ್ಸೆಯಾದ ವಾರಗಳು, ತಿಂಗಳುಗಳ ನಂತರ ಮಗುವಿನ ಕೆನ್ನೆ ಊದಿದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಡಾಕ್ಟರಿಗೆ ತೋರಿಸುವಾಗ ಹಲ್ಲಿನ ಚಿಕಿತ್ಸೆ ಯಾವ ತಿಂಗಳಲ್ಲಿ ಆಯಿತೆಂಬುದನ್ನು ಮರೆಯದೆ ಹೇಳಿ.