ಪಾಸುಂಟು, ಹಾಸಿಗೆಯಿಲ್ಲ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶ ಓದುವುದಕ್ಕೆ ನಮ್ಮಂಥವರಿಗೆ ಸರ್ಕಾರಿ ಕಾಲೇಜಿನ ಪುಸ್ತಕಭಂಡಾರವಿದೆ. ದೇಶ ಸುತ್ತುವ ಖರ್ಚನ್ನು ಯಾರು ಕೊಡಬೇಕೆಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ಐರೋಪ್ಯರು ಇದಕ್ಕೊಂದು ಉತ್ತರವನ್ನು ಕಂಡುಕೊಂಡಿದ್ದಾರೆ. 1972ರಲ್ಲಿ ಅಲ್ಲಿನ ಹಲವು ದೇಶಗಳ ರೈಲ್ವೆಗಳು ಒಟ್ಟುಗೂಡಿ, 21 ವರ್ಷದವರೆಗಿನ ತರುಣ ತರುಣಿಯರಿಗಾಗಿ ‘ಇಂಟರ್‌ರೈಲ್’ ಎಂಬ ಪಾಸನ್ನು ಹೊರಡಿಸಿದವು. ಈಗ ಅದು ಎಲ್ಲ ವಯಸ್ಸಿನವರಿಗೂ ದೊರೆಯುತ್ತದೆ. ಯೂರೋಪಿನ ನಿವಾಸಿಗಳಲ್ಲದವರಿಗೆ ‘ಯೂರೇಲ್’ ಎಂಬ ಬೇರೆ ಪಾಸುಂಟು. 2018ರಿಂದ ಐರೋಪ್ಯ ಒಕ್ಕೂಟವು ‘ಡಿಸ್ಕವರ್ ಇಯು’ ಎಂಬ ಯೋಜನೆಯಲ್ಲಿ, ಅರ್ಜಿ ಹಾಕಿ ಆಯ್ಕೆಯಾದ 18 ವರ್ಷದವರಿಗೆ ಇಂಥ ಪಾಸನ್ನು ಉಚಿತವಾಗಿಯೇ ಕೊಡುತ್ತಿದೆ. ಪ್ರವಾಸವೂ ವಿದ್ಯಾಭ್ಯಾಸದ ಒಂದು ಅಂಗವೆಂದು ಒಪ್ಪಿ ಅದಕ್ಕೆ ಬೊಕ್ಕಸದಿಂದ ಹಣ ತೆಗೆಯುವುದು ಸಣ್ಣ ಸಂಗತಿಯಲ್ಲ.

ನಾನು ಯೂರೋಪನ್ನು ಕಂಡವಳಲ್ಲ. ನಕ್ಷೆಯನ್ನೂ ಪಾಸಿನ ನಿಯಮಗಳನ್ನೂ ಕಂಡವಳು. ನಿಯಮಗಳನ್ನು ಓದಿದಾಗ ಪಾಸಿನ ನಿಜವಾದ ಲಾಭವಿರುವುದು ಇರುಳಿನಲ್ಲಿ ಎನಿಸಿತು. ಒಂದು ತಿಂಗಳೊಳಗೆ 4 ದಿನ ಪ್ರಯಾಣ ಎಂಬಂಥ ಪಾಸನ್ನು ಕೊಂಡವರು, ಸಂಜೆ ವಿಯೆನ್ನದಲ್ಲಿ ರೈಲು ಹತ್ತಿ, ನಡುರಾತ್ರಿಯ ಮೇಲೆ ಗಾಡಿ ಬದಲಿಸದೆ ಬೆಳಿಗ್ಗೆ ಜ್ಯೂರಿಕ್‌ನಲ್ಲಿ ಇಳಿದರೆ, ಹೊರಟ ದಿನವೊಂದೇ ಲೆಕ್ಕಕ್ಕೆ ಸೇರುತ್ತದೆ. ಒಂದು ರಾತ್ರಿಯ ವಸತಿ ಖರ್ಚೂ ಉಳಿಯುತ್ತದೆ. 2016ರ ಡಿಸೆಂಬರಿನಲ್ಲಿ ಜರ್ಮನಿಯ ರೈಲ್ವೆ ತನ್ನ ಮಲಗುವ ಗಾಡಿಗಳನ್ನು ನಿಲ್ಲಿಸಿದಾಗ, ಅವುಗಳಲ್ಲಿ ಕೆಲವು ಮಾರ್ಗಗಳನ್ನು ಪುಟ್ಟ ಆಸ್ಟ್ರಿಯದ ರೈಲ್ವೆ ‘ನೈಟ್‌ಜೆಟ್’ ಎಂಬ ಹೆಸರಿನಲ್ಲಿ ಮುಂದುವರಿಸಿತು.

ಆದರೆ ಪಾಸು ಕೊಡುವುದು ಪ್ರಯಾಣವನ್ನು, ಹಾಸಿಗೆಯನ್ನಲ್ಲ. ಕುಳಿತು ಹೋಗುವ ಆಸನ, ನಾಲ್ಕೋ ಆರೋ ಮಂದಿ ಒಟ್ಟಿಗೆ ಮಲಗುವ ‘ಕುಶೆಟ್’, ಅದಕ್ಕೂ ಮೇಲಿನ ಮಲಗುವ ಕೋಣೆ ಇವುಗಳಲ್ಲಿ ಒಂದನ್ನು ಬೇರೆ ಹಣ ತೆತ್ತು ಕಾದಿರಿಸಬೇಕು. ಉಚಿತ ಪಾಸು ಪಡೆದವರೂ ಈ ಹಣವನ್ನು ಕೈಯಿಂದಲೇ ಕೊಡಬೇಕು. ನಮ್ಮ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ಟಿನೊಂದಿಗೇ ಬರ್ತ್ ಬರುತ್ತದೆ. ಹೊದಿಕೆ ನಾವೇ ಒಯ್ಯಬೇಕು, ಅಷ್ಟೆ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಬಡವರಿಗೆ ಹತ್ತಿರವೆಂದು ಧೈರ್ಯವಾಗಿ ಹೇಳಬಲ್ಲೆ.

“ಹದಿನೆಂಟರ ವಯಸ್ಸಿನವರು ಒಂದು ರಾತ್ರಿ ಕುಳಿತೇ ಹೋದರೆ ಏನು ನಷ್ಟ?” ಎಂದು ನನ್ನ ಸಹಪಾಠಿಯೊಬ್ಬರು ಕೇಳಿದರು. ಕೇಳಿದವರು ಗಂಡುಮಕ್ಕಳು! ನೈಟ್‌ಜೆಟ್‌ನಲ್ಲಿ ಹೆಂಗಸರಿಗೆಂದೇ ಮೀಸಲಾದ ಕುಶೆಟ್ ಕೋಣೆಗಳುಂಟು. ಅವಕ್ಕೆ ಬಾಗಿಲುಂಟು, ಬಾಗಿಲಿಗೆ ಒಳಗಿನಿಂದ ಅಗುಳಿಯುಂಟು. ಒಂಟಿಯಾಗಿ ಹೊರಟ ಹುಡುಗಿಗೆ ಆ ಅಗುಳಿಯ ಬೆಲೆ ಎಷ್ಟೆಂಬುದನ್ನು ಆಕೆಯ ಮನೆಯವರು ಬಲ್ಲರು. ಪ್ರಯಾಣವನ್ನು ದಾನ ಮಾಡುವ ಸರ್ಕಾರ ಆ ಅಗುಳಿಯನ್ನು ಮಾತ್ರ ಮಾರಾಟಕ್ಕಿಡುವುದು ನನಗೆ ಸರಿಕಾಣುವುದಿಲ್ಲ. ಹುಡುಗಿಯರಿಗಾದರೂ ಪಾಸಿನೊಳಗೇ ಹಾಸಿಗೆ ಸೇರಿರಬೇಕು.

ಪರದೇಶದ ಪಾಸಿನ ಚಿಂತೆ ಇವಳಿಗೇಕೆ ಎಂದು ವಾಚಕರು ನಕ್ಕಾರು. 2023ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಬಂದು, ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಜಿಲ್ಲೆಯ ಗಡಿ ದಾಟದ ನನ್ನ ಅವ್ವ ಧರ್ಮಸ್ಥಳ ನೋಡಿ ಬಂದಳು. ಆದರೆ ಹೊರಟದ್ದು ಹಗಲಿನ ಬಸ್ಸಿನಲ್ಲಿ, ನಾಲ್ಕು ಮಂದಿ ನೆರೆಯವರೊಡನೆ. ದೂರದ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಮಹಿಳೆಯರಿಗೆ 6 ಬರ್ತ್‌ಗಳ ಮೀಸಲಾತಿ ಇದೆ. ಬಾಗಿಲುಳ್ಳ ಕೋಣೆ ಇಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಈ ಬೇಸಗೆಯಲ್ಲಿ ಎಂ.ಎ. ಪ್ರವೇಶಕ್ಕಾಗಿ ಹೈದರಾಬಾದಿಗೆ ಹೋಗಬೇಕಾಗಿ ಬಂದರೆ, ಹೋಗುವುದು ರಾತ್ರಿಯ ರೈಲಿನಲ್ಲೇ. ಜೊತೆಗೆ ಬರುವುದಕ್ಕೆ ಅಪ್ಪ ಎರಡು ದಿನದ ಕೂಲಿ ಬಿಡಬೇಕು. ಅವನ ಟಿಕೆಟ್ಟಿನ ಹಣವನ್ನೂ ಹೊಂದಿಸಬೇಕು.