ಮರದ ತೂಕ ಎಲ್ಲಿಂದ ಬಂತು, ಮೇಷ್ಟ್ರೇ?

ದ್ಯುತಿಸಂಶ್ಲೇಷಣೆಯ ಸಮೀಕರಣ ತಪ್ಪಿಲ್ಲದೆ ಬರೆಯುವ ಹೈಸ್ಕೂಲು ಮಕ್ಕಳನ್ನು ಕೇಳಿ ನೋಡಿ, ಹುಣಸೆ ಮರಕ್ಕೆ ಅಷ್ಟು ತೂಕ ಎಲ್ಲಿಂದ ಬಂತು ಅಂತ. ಬಹಳ ಮಂದಿ ಮಣ್ಣಿನಿಂದ, ಗೊಬ್ಬರದಿಂದ ಎನ್ನುತ್ತಾರೆ. ಪರೀಕ್ಷೆಯಲ್ಲಿ ಅವರಿಗೆ ಪೂರ್ತಿ ಅಂಕ! ನಮ್ಮ ತಕರಾರು ಇರುವುದು ಇಲ್ಲೇ.

ಹೊಲಕ್ಕೆ ಗೊಬ್ಬರ ಹಾಕುವುದನ್ನು ನೋಡಿ ಬೆಳೆದ ಮಕ್ಕಳು, ಗಿಡ ಬೇರಿನಿಂದ ಉಣ್ಣುತ್ತದೆ ಎಂದುಕೊಂಡೇ ಶಾಲೆಗೆ ಬರುತ್ತಾರೆ. ಅದನ್ನು ಬಾಯಿಬಿಡಿಸದೆ ಬೋರ್ಡಿನ ಮೇಲೆ ಸಮೀಕರಣ ಬರೆದರೆ, ಅದು ಪರೀಕ್ಷೆಯವರೆಗೆ ಉಳಿಯುತ್ತದೆ. ಹಳೇ ನಂಬಿಕೆ ಅಲ್ಲಾಡುವುದಿಲ್ಲ.

ವಾನ್ ಹೆಲ್ಮಾಂಟ್ ಎಂಬಾತ ಕುಂಡದಲ್ಲಿ ವಿಲ್ಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ. 5 ಪೌಂಡಿನ ಗಿಡ 169 ಪೌಂಡಾಯಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್. ಎಲ್ಲ ನೀರಿನಿಂದಲೇ ಎಂದು ಅವನೂ ಎಡವಿದ, ಗಾಳಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 1648ರಲ್ಲೇ ಅಚ್ಚಾದ ಈ ಲೆಕ್ಕವನ್ನು ಮಕ್ಕಳ ಮುಂದಿಟ್ಟು ವಾದ ಮಾಡಲು ಬಿಡಿ.

ಲ್ಯಾಬ್ ಇಲ್ಲ ಎನ್ನಬೇಡಿ, ಬಚ್ಚಲ ಒಲೆ ಇದೆ. ಒಂದು ಹೊರೆ ಒಣ ಸೌದೆ ಉರಿದರೆ ಉಳಿಯುವುದು ಒಂದಿಷ್ಟು ಬೂದಿ. ಮಣ್ಣು ಕೊಟ್ಟದ್ದು ಹೆಚ್ಚುಕಡಿಮೆ ಅಷ್ಟೇ. ಮಿಕ್ಕದ್ದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನಿಂದ ಎಲೆ ಕಟ್ಟಿದ್ದು.

ಯೂರಿಯಾವೇ ಊಟ ಎಂದು ನಂಬಿದ ಹುಡುಗ ನಾಳೆ ಪೈರು ಸೊರಗಿದರೆ ಇನ್ನೊಂದು ಚೀಲ ಸುರಿಯುತ್ತಾನೆ, ಅದೂ ಸಾಲ ಮಾಡಿ. ಮೊದಲ ದಿನ ಸಮೀಕರಣ ಬೇಡ ಮೇಷ್ಟ್ರೇ. ನಿಮಗೇನನ್ನಿಸುತ್ತೆ ಎಂದು ಕೇಳಿ, ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ.